ಜೌಗುಪ್ರದೇಶದ ಹಕ್ಕಿಗಳ ರಕ್ತಪರಾವಲಂಬಿಗಳು

ಜೌಗುಪ್ರದೇಶದ ಹಕ್ಕಿಗಳ ರಕ್ತಪರಾವಲಂಬಿಗಳು ಎಂದರೆ ಕೆರೆ, ಕೊಳ, ಹೊಳೆಯ ದಂಡೆ, ಹಿನ್ನೀರು, ಜೊಂಡುಗಾಡು, ಅಳಿವೆ ಮುಂತಾದ ನೀರಿನ ನೆಲೆಗಳಲ್ಲಿ ಬಾಳುವ ಕಾಡುಹಕ್ಕಿಗಳ ರಕ್ತದಲ್ಲಿ ಆಶ್ರಯ ಪಡೆದು ಬದುಕುವ ಏಕಕೋಶಜೀವಿಗಳು ಹಾಗೂ ಸೂಕ್ಷ್ಮ ಹುಳುಗಳು. ಇವುಗಳಲ್ಲಿ ಪ್ಲಾಸ್ಮೋಡಿಯಂ, ಹೀಮೊಪ್ರೋಟಿಯಸ್ ಮತ್ತು ಲ್ಯೂಕೊಸೈಟೊಜೂನ್ ಎಂಬ ಮೂರು ಕುಲಗಳು ಮುಖ್ಯವಾದುವು. ಹಕ್ಕಿಯಿಂದ ಹಕ್ಕಿಗೆ ಇವು ನೇರವಾಗಿ ಅಂಟುವುದಿಲ್ಲ. ರಕ್ತ ಹೀರುವ ಕೀಟವೊಂದರ ದೇಹದೊಳಗೆ ಬೆಳವಣಿಗೆಯ ಒಂದು ಘಟ್ಟವನ್ನು ಮುಗಿಸಿದ ಬಳಿಕವೇ ಮತ್ತೊಂದು ಹಕ್ಕಿಯನ್ನು ಸೇರಬಲ್ಲವು. ಆ ಕೀಟಗಳಲ್ಲಿ ಹೆಚ್ಚಿನವು ನೀರಿನಲ್ಲಿ ಇಲ್ಲವೆ ಒದ್ದೆ ಕೆಸರಿನಲ್ಲಿ ಹುಟ್ಟುವಂಥವು. ಆದಕಾರಣ ಒಂದು ನೆಲೆಯ ಹಕ್ಕಿಗಳ ರಕ್ತದಲ್ಲಿ ಯಾವ ಪರಾವಲಂಬಿ ಇರುತ್ತದೆ ಎಂಬುದನ್ನು ಹಕ್ಕಿಯ ಜಾತಿಯೊಂದಿಗೆ ಅಲ್ಲಿನ ನೀರಿನ ಗುಣವೂ ನಿರ್ಧರಿಸುತ್ತದೆ. ನೀರು ನಿಂತದ್ದೇ ಹರಿಯುವುದೇ, ಸಿಹಿಯೇ ಉಪ್ಪೇ, ತಿಳಿಯೇ ಕೊಳಕೇ ಎಂಬ ಪ್ರಶ್ನೆಗಳು ಈ ವಿಷಯದ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಹಕ್ಕಿಗಳಿಗೆ ಬರುವ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಎರಡಕ್ಕೂ ಕಾರಣ ಪ್ಲಾಸ್ಮೋಡಿಯಂ ಕುಲವೇ ಆದರೂ ಪ್ರಭೇದಗಳು ಬೇರೆ ಬೇರೆ. ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆ. ಹಕ್ಕಿಗಳ ಮಲೇರಿಯಾವನ್ನು ಮುಖ್ಯವಾಗಿ ಹರಡುವುದು ಕ್ಯೂಲೆಕ್ಸ್ ಸೊಳ್ಳೆ. ಕೆರೆಯ ಹಕ್ಕಿಗಳಲ್ಲಿ ಮಲೇರಿಯಾ ಇದೆ ಎಂಬ ಸುದ್ದಿ ಓದಿ ಊರಿನವರು ಅಂಜಬೇಕಾದ ಕಾರಣವಿಲ್ಲ.

ಪರಾವಲಂಬಿಗಳ ಬಗೆಗಳು

ಸಸ್ತನಿಗಳ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದಿಲ್ಲ. ಹಕ್ಕಿಗಳ ಕೆಂಪು ರಕ್ತಕಣಗಳು ಅಂಡಾಕಾರವಾಗಿದ್ದು ನಡುವೆ ಕೋಶಕೇಂದ್ರವನ್ನು ಹೊಂದಿರುತ್ತವೆ. ಪರಾವಲಂಬಿಯು ಈ ಕೋಶಕೇಂದ್ರದ ಬದಿಯಲ್ಲಿ ಹೇಗೆ ಕುಳಿತಿದೆ ಎಂಬುದೇ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಗುರುತಿಸುವ ಮೊದಲ ಕುರುಹು. ಹೀಮೊಪ್ರೋಟಿಯಸ್ ಬೆಳೆದಂತೆ ಕೋಶಕೇಂದ್ರವನ್ನು ಬಳಸಿ ಅರ್ಧಚಂದ್ರಾಕಾರವಾಗಿ ಬಾಗುತ್ತದೆ. ಪ್ಲಾಸ್ಮೋಡಿಯಂ ರಕ್ತಕಣದೊಳಗೇ ವಿಭಜನೆಗೊಂಡು ಮರಿಕೋಶಗಳ ಗೊಂಚಲಾಗುತ್ತದೆ. ಬಳಿಕ ಕಣವನ್ನು ಒಡೆದು ಹೊರಬಂದು ಹೊಸ ಕಣಗಳಿಗೆ ನುಗ್ಗುತ್ತದೆ. ಹಕ್ಕಿಗೆ ರಕ್ತಹೀನತೆ ಉಂಟಾಗುವುದು ಈ ಒಡೆತದಿಂದ. ಹೀಮೊಪ್ರೋಟಿಯಸ್ ರಕ್ತದಲ್ಲಿ ಹೀಗೆ ವೃದ್ಧಿಯಾಗುವುದಿಲ್ಲ. ಅದರ ವೃದ್ಧಿ ಒಳ ಅಂಗಾಂಶಗಳಲ್ಲಿ ನಡೆಯುತ್ತದೆ. ರಕ್ತದಲ್ಲಿ ಕಾಣುವುದು ಕೀಟಕ್ಕೆ ದಾಟಲು ಸಿದ್ಧವಾಗಿ ಕಾದಿರುವ ಲಿಂಗಕೋಶಗಳು ಮಾತ್ರ. ಈ ಎರಡೂ ಕುಲಗಳು ಹೀಮೋಗ್ಲೋಬಿನನ್ನು ಜೀರ್ಣಿಸಿಕೊಂಡು ಕಂದುಬಣ್ಣದ ಕಣಗಳನ್ನು ಉಳಿಸುತ್ತವೆ.

ಲ್ಯೂಕೊಸೈಟೊಜೂನ್ ಅಂಥ ಬಣ್ಣದ ಕಣಗಳನ್ನು ಉಳಿಸುವುದಿಲ್ಲ. ಅದು ತಾನು ಹೊಕ್ಕ ಕೋಶವನ್ನು ಗುರುತು ಸಿಗದಷ್ಟು ವಿಕಾರಗೊಳಿಸುತ್ತದೆ. ಕೆಲವೊಮ್ಮೆ ಕೋಶದ ಎರಡೂ ತುದಿಗಳು ಕೊಂಬಿನಂತೆ ಚಾಚಿಕೊಂಡು ಇಡೀ ಕೋಶ ಕದಿರಿನ ಆಕಾರ ತಾಳುತ್ತದೆ. ಬಿಳಿ ರಕ್ತಕಣಗಳಲ್ಲಿ ವಾಸಿಸುವ ಪ್ರಾಣಿ ಎಂಬ ಅರ್ಥದ ಹೆಸರು ಇದಕ್ಕೆ ಬಂದಿದೆಯಾದರೂ ಇದು ಕೆಂಪು ಕಣಗಳನ್ನೂ ಹೊಗುತ್ತದೆ.

ಇವಲ್ಲದೆ ರಕ್ತದ್ರವದಲ್ಲಿ ಈಜಾಡುವ ಟ್ರಿಪನೊಸೋಮಗಳೂ ದಾರದಂಥ ಫೈಲೇರಿಯಾ ಹುಳುಗಳ ಎಳೆಮರಿಗಳೂ ನೀರುಹಕ್ಕಿಗಳಲ್ಲಿ ಕಾಣಸಿಗುತ್ತವೆ. ಹಂಸ ಮತ್ತು ಹೆಬ್ಬಾತುಗಳ ಹೃದಯದಲ್ಲಿ ನೆಲೆಸುವ ಸಾರ್ಕೊನೀಮಾ ಯೂರಿಸರ್ಕಾ ಎಂಬ ಫೈಲೇರಿಯಾ ಹುಳು ಈ ಗುಂಪಿನಲ್ಲಿ ವಿಶಿಷ್ಟವಾದುದು. ಅದನ್ನು ಹರಡುವುದು ಸೊಳ್ಳೆಯೂ ಅಲ್ಲ, ನೊಣವೂ ಅಲ್ಲ. ಆ ಹಕ್ಕಿಗಳ ಗರಿಗಳ ನಡುವೆ ಬಾಳುವ ಹೇನು.

ಜೀವನಚಕ್ರ

ಸೋಂಕಿದ ಕೀಟ ಕಚ್ಚಿದಾಗ ಅದರ ಜೊಲ್ಲಿನೊಂದಿಗೆ ಪರಾವಲಂಬಿಯ ಸಪೂರ ಬೀಜಕೋಶಗಳು ಹಕ್ಕಿಯ ಮೈಸೇರುತ್ತವೆ. ಅವು ಮೊದಲು ಯಕೃತ್ತು, ಗುಲ್ಮ, ಶ್ವಾಸಕೋಶ, ಸ್ನಾಯು ಮೊದಲಾದ ಅಂಗಗಳಲ್ಲಿ ಅಡಗಿ ಬಹುಪಟ್ಟು ವೃದ್ಧಿಯಾಗಿ, ಕೆಲವು ದಿನಗಳ ಬಳಿಕ ರಕ್ತಕ್ಕೆ ಇಳಿಯುತ್ತವೆ. ಅಲ್ಲಿ ಗಂಡು ಮತ್ತು ಹೆಣ್ಣು ಲಿಂಗಕೋಶಗಳು ರೂಪುಗೊಳ್ಳುತ್ತವೆ. ಮತ್ತೊಂದು ಕೀಟ ಆ ರಕ್ತವನ್ನು ಹೀರಿದಾಗ ಅದರ ಹೊಟ್ಟೆಯಲ್ಲಿ ಈ ಕೋಶಗಳು ಕೂಡಿಕೊಂಡು, ಜಠರದ ಗೋಡೆಯ ಮೇಲೆ ಬೊಬ್ಬೆಗಳಾಗಿ ಬೆಳೆದು ಒಡೆಯುತ್ತವೆ. ಹೊರಬಿದ್ದ ಬೀಜಕೋಶಗಳು ಕೀಟದ ಲಾಲಾಗ್ರಂಥಿಯನ್ನು ಸೇರುತ್ತವೆ.

ಸೋಂಕಿನ ಮೊದಲ ವಾರಗಳು ಹಕ್ಕಿಗೆ ಅತ್ಯಂತ ಅಪಾಯಕರ. ಆ ಅವಧಿಯನ್ನು ದಾಟಿ ಉಳಿದ ಹಕ್ಕಿಯಲ್ಲಿ ರೋಗ ಕಣ್ಮರೆಯಾದಂತೆ ತೋರಿದರೂ ಪರಾವಲಂಬಿ ಸಂಪೂರ್ಣ ನಾಶವಾಗಿರುವುದಿಲ್ಲ. ಅಲ್ಪ ಸಂಖ್ಯೆಯಲ್ಲಿ ವರ್ಷಗಟ್ಟಲೆ, ಹಲವು ಹಕ್ಕಿಗಳಲ್ಲಿ ಬದುಕಿರುವವರೆಗೂ, ಅದು ಉಳಿದುಬಿಡುತ್ತದೆ. ಸಂತಾನದ ಋತು ಸಮೀಪಿಸಿದಾಗ ಅದು ಮತ್ತೆ ರಕ್ತದಲ್ಲಿ ಏರುತ್ತದೆ. ಗೂಡುಗಳಲ್ಲಿ ರೋಗವನ್ನರಿಯದ ಮರಿಗಳು ಇರುವುದೂ ನೀರಿನಿಂದ ಹೊಸ ಕೀಟಗಳು ಎದ್ದುಬರುವುದೂ ಅದೇ ಹೊತ್ತಿನಲ್ಲಿ. ತಾಯಿತಂದೆಗಳ ಹಳೆಯ ಸೋಂಕು ಆ ವರ್ಷದ ಮರಿಗಳಿಗೆ ದಾಟಲು ಇದಕ್ಕಿಂತ ಒದಗಿಬಂದ ಸಮಯ ಬೇರೊಂದಿಲ್ಲ.

ಸಂಶೋಧನೆಯ ಇತಿಹಾಸ

ಹಕ್ಕಿಗಳ ರಕ್ತದಲ್ಲಿ ಇಂಥ ಜೀವಿಗಳಿವೆ ಎಂಬುದನ್ನು ಮೊದಲಿಗೆ ವಿವರವಾಗಿ ತೋರಿಸಿದವನು ಖಾರ್ಕಿವ್ ನಗರದ ಶರೀರವಿಜ್ಞಾನಿ ವಾಸಿಲಿ ದನಿಲೆವ್‌ಸ್ಕಿ. ಕಾಲ 1880ರ ದಶಕದ ಮಧ್ಯಭಾಗ. 1897ರಲ್ಲಿ ಡಬ್ಲ್ಯೂ. ಜಿ. ಮೆಕಾಲಂ ಕೆನಡಾದ ಕಾಗೆಗಳ ರಕ್ತದಲ್ಲಿ ಹೀಮೊಪ್ರೋಟಿಯಸ್ಸಿನ ಗಂಡು ಹೆಣ್ಣು ಕೋಶಗಳು ಕೂಡುವುದನ್ನು ಕಣ್ಣಾರೆ ಕಂಡನು. ರಕ್ತದ ಹನಿಯಲ್ಲಿ ಚಾವಟಿಯಂತೆ ಬಡಿದಾಡುವ ಎಳೆಗಳು ಏನೆಂಬುದು ಅಲ್ಲಿಯವರೆಗೆ ವಿವಾದದ ವಿಷಯವಾಗಿತ್ತು. ಅವು ಗಂಡು ಕೋಶಗಳೆಂಬುದು ಇದರಿಂದ ತಿಳಿಯಿತು.

ಮುಂದಿನ ಹೆಜ್ಜೆ ಭಾರತದಲ್ಲಿ ಇಡಲ್ಪಟ್ಟಿತು. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಯ ಜಠರದಲ್ಲಿ ಪರಾವಲಂಬಿಯನ್ನು ಗುರುತಿಸಿದ್ದನು. ಮರುವರ್ಷ ಕಲ್ಕತ್ತೆಗೆ ಬಂದ ಮೇಲೆ ಮನುಷ್ಯರ ಮೇಲಿನ ಪ್ರಯೋಗಕ್ಕೆ ಅನುಕೂಲ ಒದಗದೆ ಹಕ್ಕಿಗಳತ್ತ ತಿರುಗಿದನು. ಮೊಹಮ್ಮದ್ ಬಕ್ಸ್ ಎಂಬ ಸಹಾಯಕನ ನೆರವಿನಿಂದ ಗುಬ್ಬಚ್ಚಿ, ಬಾನಾಡಿ, ಕಾಗೆಗಳನ್ನು ಇರಿಸಿಕೊಂಡು, 1898ರ ಜುಲೈ ತಿಂಗಳಲ್ಲಿ ಸೊಳ್ಳೆಯ ಲಾಲಾಗ್ರಂಥಿಯವರೆಗೆ ಪರಾವಲಂಬಿಯ ದಾರಿಯನ್ನು ಹಿಂಬಾಲಿಸಿ, ಸೋಂಕಿದ ಸೊಳ್ಳೆ ಕಚ್ಚಿದರೆ ಆರೋಗ್ಯವಂತ ಗುಬ್ಬಚ್ಚಿಗೂ ರೋಗ ಬರುವುದೆಂದು ಸಿದ್ಧಪಡಿಸಿದನು. 1902ರ ನೊಬೆಲ್ ಬಹುಮಾನಕ್ಕೆ ಆಧಾರವಾದ ಕಾರ್ಯದಲ್ಲಿ ಮನುಷ್ಯನ ರೋಗಕ್ಕಿರುವಷ್ಟೇ ಪಾಲು ಗುಬ್ಬಚ್ಚಿಯ ರೋಗಕ್ಕೂ ಉಂಟು ಎಂಬುದನ್ನು ಶಾಲಾಪುಸ್ತಕಗಳು ಸಾಮಾನ್ಯವಾಗಿ ಮರೆಯುತ್ತವೆ. ಇದೇ ರಾಸ್ 1880ರ ದಶಕದ ಆರಂಭದಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಬಳಿ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ನೀರನ್ನು ಚೆಲ್ಲಿಸಿದ ಮೇಲೆ ಸೊಳ್ಳೆಕಾಟ ತಗ್ಗಿದ್ದನ್ನು ಗಮನಿಸಿದ್ದನು.

ಬೇರೆ ಕುಲಗಳ ವಾಹಕಗಳು ಒಂದೊಂದಾಗಿ ಪತ್ತೆಯಾದವು. 1906ರಲ್ಲಿ ಆಲ್ಜೀರಿಯದಲ್ಲಿ ಸೆರ್ಜಾಂ ಸಹೋದರರು ಪಾರಿವಾಳದ ಹೀಮೊಪ್ರೋಟಿಯಸ್ಸನ್ನು ಗರಿಗಳ ನಡುವೆ ಓಡಾಡುವ ಚಪ್ಪಟೆ ನೊಣ ಹರಡುತ್ತದೆಂದು ತೋರಿಸಿದರು. ಈ ನೊಣ ನೀರಿನಲ್ಲಿ ಹುಟ್ಟುವುದಲ್ಲ. ಬಾತುಗಳ ಹೀಮೊಪ್ರೋಟಿಯಸ್ಸನ್ನು ಕೆಸರಿನಲ್ಲಿ ಹುಟ್ಟುವ ಕ್ಯೂಲಿಕಾಯ್ಡಿಸ್ ಎಂಬ ಕಚ್ಚುವ ನೊರಜು ಹರಡುತ್ತದೆ ಎಂಬುದು 1957ರಲ್ಲಿ ಕೆನಡಾದ ಫ್ಯಾಲಿಸ್ ಮತ್ತು ವುಡ್ ಅವರಿಂದ ಸ್ಪಷ್ಟವಾಯಿತು. ಈ ನಡುವಿನ ದಶಕಗಳಲ್ಲಿ ಹಕ್ಕಿಗಳ ಮಲೇರಿಯಾ ಔಷಧಶಾಸ್ತ್ರಕ್ಕೂ ಸೇವೆ ಸಲ್ಲಿಸಿತು. ಜರ್ಮನಿಯ ವಿಲ್ಹೆಲ್ಮ್ ರೋಲ್ 1920ರ ದಶಕದಲ್ಲಿ ಮಲೇರಿಯಾದ ಹೊಸ ಮದ್ದುಗಳನ್ನು ಪರೀಕ್ಷಿಸಿದ್ದು ಕ್ಯಾನರಿ ಹಕ್ಕಿಗಳ ಮೇಲೆ.

ನೀರಿನ ಗುಣ ಮತ್ತು ವಾಹಕ ಕೀಟಗಳು

ಕ್ಯೂಲೆಕ್ಸ್ ಸೊಳ್ಳೆ ನಿಂತ ನೀರಿನ ಮೇಲೆ ತೆಪ್ಪದಂತೆ ಗುಂಪಾಗಿ ಮೊಟ್ಟೆಗಳನ್ನಿಡುತ್ತದೆ. ಅದರ ಪ್ರಭೇದಗಳಲ್ಲಿ ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್ ಎಂಬುದು ಕೊಳಚೆ ಸೇರಿ ಕೊಳೆತ ನೀರನ್ನು ವಿಶೇಷವಾಗಿ ಅರಸುತ್ತದೆ. ರಾಸ್ ಕಲ್ಕತ್ತೆಯಲ್ಲಿ ಬಳಸಿದ್ದು ಈ ಸೊಳ್ಳೆಯನ್ನೇ. ನಮ್ಮ ಊರುಗಳ ಚರಂಡಿಗಳಲ್ಲಿ ಇಂದಿಗೂ ಹೆಚ್ಚಾಗಿ ಹುಟ್ಟುವುದು ಇದೇ. ತಿಳಿನೀರಿನ ದೊಡ್ಡ ಕೆರೆಯ ನಡುವೆ ಅಲೆಗಳೂ ಮೀನುಗಳೂ ಇರುವುದರಿಂದ ಸೊಳ್ಳೆಮರಿಗಳು ಬಾಳುವುದು ಕಷ್ಟ. ಅಂಚಿನಲ್ಲಿ ಕಳೆ ಕವಿದು ನೀರು ಅಲುಗಾಡದೆ ನಿಂತ ಕಡೆ, ಇಲ್ಲವೆ ಕೊಳಚೆ ಸೇರಿ ಮೀನು ಸತ್ತುಹೋದ ಕಡೆ ಅವು ತುಂಬಿಕೊಳ್ಳುತ್ತವೆ.

ಕರಿನೊಣದ ಸ್ವಭಾವ ಇದಕ್ಕೆ ತೀರ ವಿರುದ್ಧ. ಲ್ಯೂಕೊಸೈಟೊಜೂನನ್ನು ಹರಡುವ ಈ ನೊಣಕ್ಕೆ ಹರಿಯುವ ನೀರು ಬೇಕೇಬೇಕು. ಅದರ ಮರಿಹುಳು ಕಲ್ಲು ಇಲ್ಲವೆ ಮುಳುಗಿದ ಕಡ್ಡಿಗೆ ಅಂಟಿಕೊಂಡು, ಬಾಯಿಯ ಬಳಿಯ ಬೀಸಣಿಗೆಯಂಥ ಕೂದಲುಗಳನ್ನು ಹರವಿ, ಪ್ರವಾಹ ತಂದುಕೊಡುವ ಕಣಗಳನ್ನು ಸೋಸಿ ತಿನ್ನುತ್ತದೆ. ಸರೋವರದ ನೀರು ಹೊರಬೀಳುವ ತೂಬು, ಕೋಡಿ, ಅಣೆಕಟ್ಟೆಯ ಕೆಳಭಾಗ ಇವು ಅದಕ್ಕೆ ಊಟದ ತಾಣಗಳು. ಸರೋವರದಲ್ಲಿ ಬೆಳೆದ ಸೂಕ್ಷ್ಮ ಪಾಚಿ ಅಲ್ಲಿ ಸತತವಾಗಿ ಹರಿದುಬರುತ್ತದೆ. ನೊರಜುಗಳಾದರೋ ನೀರಿಗೂ ನೆಲಕ್ಕೂ ನಡುವಣ ಪಟ್ಟಿಯವು. ದನಗಳು ತುಳಿದು ಸಗಣಿ ಬೆರೆತ ಕೆಸರು, ಕೊಳೆಯುವ ಎಲೆಗಳ ಒದ್ದೆ ಮಣ್ಣು ಅವಕ್ಕೆ ಹಿತ.

ಹೀಗೆ ಒಂದೇ ಕೆರೆಯ ಏರಿಯ ಸುತ್ತ ಅರ್ಧ ಮೈಲಿ ನಡೆದರೆ ಮೂರೂ ಬಗೆಯ ಕೀಟಗಳ ತವರನ್ನು ಕಾಣಬಹುದು: ಹಿನ್ನೀರಿನ ಕಳೆಯ ಮೂಲೆ ಸೊಳ್ಳೆಗೆ, ದನ ಇಳಿಯುವ ಕೆಸರು ನೊರಜಿಗೆ, ಕೋಡಿಯ ಕಲ್ಲು ಕರಿನೊಣಕ್ಕೆ.

ಸೆನಿಯ ಹೆಬ್ಬಾತುಗಳು

ರಕ್ತಪರಾವಲಂಬಿ ನೀರುಹಕ್ಕಿಗಳನ್ನು ಗುಂಪುಗುಂಪಾಗಿ ಕೊಲ್ಲಬಲ್ಲದು ಎಂಬುದಕ್ಕೆ ಉತ್ತರ ಅಮೆರಿಕದ ಲ್ಯೂಕೊಸೈಟೊಜೂನ್ ಸಿಮಂಡೈ ಪ್ರಬಲ ನಿದರ್ಶನ. ಈ ಪ್ರಭೇದವನ್ನು 1910ರಲ್ಲಿ ಮಾಥಿಸ್ ಮತ್ತು ಲೆಜೆ ಎಂಬವರು ಇಂದಿನ ವಿಯೆಟ್ನಾಮಿನ ಉತ್ತರ ಭಾಗವಾದ ಟೊಂಕಿನ್ನಿನ ಬಾತುವೊಂದರಿಂದ ವರ್ಣಿಸಿದ್ದರು. 1930ರ ದಶಕದಲ್ಲಿ ಮಿಷಿಗನ್ ರಾಜ್ಯದ ಬಾತುಮರಿಗಳಲ್ಲಿ ಮಲೇರಿಯಾವನ್ನು ಹೋಲುವ ರೋಗವನ್ನು ಅರ್ಲ್ ಓರೋಕ್ ಅಭ್ಯಸಿಸಿ, ಕರಿನೊಣವೇ ಅದರ ವಾಹಕವೆಂದು ತೋರಿಸಿದನು.

ಅದೇ ರಾಜ್ಯದ ಸೆನಿ ಎಂಬಲ್ಲಿ 1935ರಲ್ಲಿ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮವೊಂದು ಸ್ಥಾಪನೆಯಾಯಿತು. ಕಾಡು ಕಡಿದು, ಸುಟ್ಟು, ಬೇಸಾಯಕ್ಕೆಂದು ಕಾಲುವೆ ತೋಡಿ ಒಣಗಿಸಿ ಕೊನೆಗೆ ಕೈಬಿಟ್ಟಿದ್ದ ಜೌಗುನೆಲವನ್ನು ಕಟ್ಟೆಗಳಿಂದ ಮತ್ತೆ ಕೊಳಗಳ ಸಾಲಾಗಿ ಮಾಡಿ, ಅಲ್ಲಿ ಕೆನಡಾ ಹೆಬ್ಬಾತುಗಳನ್ನು ನೆಲೆಗೊಳಿಸಲಾಯಿತು. ಹೆಬ್ಬಾತುಗಳು ಒಗ್ಗಿಕೊಂಡವು, ಗೂಡುಕಟ್ಟಿದವು. ಆದರೆ ಕೆಲವು ವರ್ಷಗಳಲ್ಲಿ ಆ ಋತುವಿನ ಮರಿಗಳ ಬಹುಭಾಗ ಮೊಟ್ಟೆಯೊಡೆದ ಕೆಲವೇ ವಾರಗಳೊಳಗೆ ಸತ್ತುಹೋದವು. ಯಕೃತ್ತು ಮತ್ತು ಗುಲ್ಮಗಳು ಊದಿಕೊಂಡು ರಕ್ತ ನೀರಾಗಿದ್ದ ಆ ಮರಿಗಳಲ್ಲಿ ಲ್ಯೂಕೊಸೈಟೊಜೂನ್ ಕಂಡುಬಂತು. ವಿಶೇಷವೆಂದರೆ ಪ್ರತಿ ವರ್ಷವೂ ಹೀಗಾಗುತ್ತಿರಲಿಲ್ಲ. ಬೆಳೆದ ಹಕ್ಕಿಗಳು ಪರಾವಲಂಬಿಯನ್ನು ಹೊತ್ತು ಆರೋಗ್ಯವಾಗಿ ತಿರುಗಾಡುತ್ತಿದ್ದವು. ಕರಿನೊಣಗಳು ಏಳುವ ದಿನಗಳೂ ಮರಿಗಳು ಹೊರಬರುವ ದಿನಗಳೂ ಮೇಳೈಸಿದರೆ ನಷ್ಟ ಹೆಚ್ಚು. ಹವಾಮಾನದಿಂದ ಅವು ಹಿಂದುಮುಂದಾದರೆ ಮರಿಗಳು ಪಾರು. ಕೆನಡಾದ ಆಲ್ಗಾಂಕ್ವಿನ್ ಉದ್ಯಾನದಲ್ಲಿ ಬಾತುಗಳ ಮೇಲೆ ನಡೆದ ದೀರ್ಘಕಾಲದ ಪ್ರಯೋಗಗಳಿಂದ ಈ ರೋಗದ ಗತಿ ಇನ್ನಷ್ಟು ಖಚಿತವಾಗಿ ತಿಳಿದುಬಂದಿದೆ.

ಉಪ್ಪುನೀರಿನ ತೀರದ ಹಕ್ಕಿಗಳು

ಕಡಲಂಚಿನ ಕೆಸರುಬಯಲಿನಲ್ಲಿ ಮೇಯುವ ಉಲ್ಲಂಕಿಗಳು, ಗೊರವಗಳು ಮತ್ತು ಅವುಗಳ ಬಂಧುಗಳ ರಕ್ತವನ್ನು ಪರೀಕ್ಷಿಸಿದ ಸಂಶೋಧಕರಿಗೆ ಬಹಳ ಕಡೆ ಏನೂ ಸಿಗಲಿಲ್ಲ. ಉತ್ತರಧ್ರುವದ ಹತ್ತಿರ ಗೂಡುಕಟ್ಟಿ, ಚಳಿಗಾಲವನ್ನು ಸಮುದ್ರತೀರದಲ್ಲೇ ಕಳೆಯುವ ಪ್ರಭೇದಗಳಲ್ಲಿ ಮಲೇರಿಯಾ ಪರಾವಲಂಬಿಗಳು ವಿರಳ. ಉಷ್ಣವಲಯದ ಸಿಹಿನೀರಿನ ಜೌಗುಗಳಲ್ಲಿ ಚಳಿಗಾಲ ಕಳೆಯುವ ಅವುಗಳ ಸೋದರ ಪ್ರಭೇದಗಳಲ್ಲಿ ಸೋಂಕು ಹೆಚ್ಚು. 2005ರಲ್ಲಿ ಪ್ರಕಟವಾದ ಮೆಂಡೆಸ್ ಮತ್ತು ಸಂಗಡಿಗರ ಅಧ್ಯಯನ ಈ ಅಂತರವನ್ನು ಎತ್ತಿತೋರಿಸಿತು.

ಕಾರಣವೇನು? ಉಪ್ಪು ನೀರಿನಲ್ಲಿ ಹುಟ್ಟಿ ಹಕ್ಕಿಗಳನ್ನು ಕಚ್ಚುವ ಸೊಳ್ಳೆಗಳು ಕಡಿಮೆ, ಬಯಲಿನ ಗಾಳಿಯಲ್ಲಿ ಅವು ಹಾರಲಾರವು ಎಂಬುದು ಒಂದು ವಿವರಣೆ. ಡಚ್ ಪಕ್ಷಿವಿಜ್ಞಾನಿ ಥ್ಯೂನಿಸ್ ಪಿಯರ್ಸ್ಮಾ 1997ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗ ವಿರಳವಾದ ನೆಲೆಗಳಿಗೆ ಒಗ್ಗಿಕೊಂಡ ಹಕ್ಕಿಗಳು ರೋಗನಿರೋಧಕ ಶಕ್ತಿಯ ಮೇಲೆ ಹೆಚ್ಚು ವೆಚ್ಚ ಮಾಡದೆ ಆ ಶಕ್ತಿಯನ್ನು ದೂರದ ಹಾರಾಟಕ್ಕೂ ಶೀಘ್ರ ಬೆಳವಣಿಗೆಗೂ ಉಳಿಸುತ್ತವೆ ಎಂದು ಊಹಿಸಿದನು. ಆ ಉಳಿತಾಯಕ್ಕೆ ಬೆಲೆಯೂ ಇದೆ: ಅಂಥ ಹಕ್ಕಿಗಳು ತಮ್ಮ ನೆಲೆಗೇ ಕಟ್ಟುಬೀಳುತ್ತವೆ. ಈ ಊಹೆ ಇನ್ನೂ ಚರ್ಚೆಯಲ್ಲಿದೆ. ಅದು ನಿಜವಾದಲ್ಲಿ ಕಡಲತೀರದ ಕೆಸರುಬಯಲುಗಳನ್ನು ಮುಚ್ಚಿ, ಹಕ್ಕಿಗಳು ಒಳನಾಡಿನ ಕೆರೆಗಳಿಗೆ ಹೋಗಿ ಬದುಕಿಕೊಳ್ಳಲಿ ಎನ್ನುವ ವಾದಕ್ಕೆ ಬುಡವೇ ಇರುವುದಿಲ್ಲ.

ಜೊಂಡಿನ ಉಲಿಯಕ್ಕಿ ಮತ್ತು ಗುಪ್ತ ಸೋಂಕು

ಸ್ವೀಡನ್ನಿನ ಕ್ವಿಸ್ಮಾರೆನ್ ಸರೋವರದ ಜೊಂಡಿನಲ್ಲಿ ಗೂಡುಕಟ್ಟುವ ದೊಡ್ಡ ಜೊಂಡು ಉಲಿಯಕ್ಕಿಗಳನ್ನು 1980ರ ದಶಕದಿಂದ ವರ್ಷ ವರ್ಷವೂ ಉಂಗುರ ತೊಡಿಸಿ ಹಿಂಬಾಲಿಸಲಾಗಿದೆ. ಚಳಿಗಾಲವನ್ನು ಆಫ್ರಿಕದಲ್ಲಿ ಕಳೆಯುವ ಈ ಹಕ್ಕಿಗಳಿಗೆ ಮಲೇರಿಯಾ ತಗಲುವುದೂ ಬಹುಮಟ್ಟಿಗೆ ಅಲ್ಲಿಯೇ. ಸರೋವರಕ್ಕೆ ಮರಳಿದ ಹಕ್ಕಿಯನ್ನು ನೋಡಿದರೆ ರೋಗದ ಯಾವ ಚಿಹ್ನೆಯೂ ಇರದು. ಹಾಡುತ್ತದೆ, ಜೋಡಿ ಕಟ್ಟುತ್ತದೆ, ಮೊಟ್ಟೆಯಿಡುತ್ತದೆ. ಬಹುಕಾಲ ವಿಜ್ಞಾನಿಗಳೂ ಇಂಥ ಸೋಂಕನ್ನು ನಿರುಪದ್ರವಿ ಎಂದೇ ಎಣಿಸಿದ್ದರು.

2015ರಲ್ಲಿ ಅಸ್ಗರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಫಲಿತಾಂಶ ಆ ಎಣಿಕೆಯನ್ನು ಬದಲಿಸಿತು. ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ರಕ್ಷಾಭಾಗಗಳಿರುತ್ತವೆ. ವಯಸ್ಸು ಏರಿದಂತೆ ಅವು ಸವೆಯುತ್ತವೆ. ದೀರ್ಘಕಾಲದ ಮಲೇರಿಯಾ ಸೋಂಕು ಇದ್ದ ಉಲಿಯಕ್ಕಿಗಳಲ್ಲಿ ಈ ಸವೆತ ವೇಗವಾಗಿತ್ತು, ಅವುಗಳ ಆಯುಷ್ಯ ಕಡಿಮೆಯಾಗಿತ್ತು, ಜೀವಮಾನದಲ್ಲಿ ಬೆಳೆಸಿದ ಮರಿಗಳ ಸಂಖ್ಯೆಯೂ ತಗ್ಗಿತ್ತು. ಸತ್ತು ಬಿದ್ದ ಹಕ್ಕಿಗಳನ್ನು ಎಣಿಸುವ ಗಣತಿಯಲ್ಲಿ ಈ ನಷ್ಟ ಎಂದಿಗೂ ಕಾಣಿಸದು. ವರ್ಷಗಳ ತಾಳ್ಮೆಯಿಂದ ಉಂಗುರದ ಲೆಕ್ಕ ಇಟ್ಟವರಿಗೆ ಮಾತ್ರ ಅದು ಗೋಚರಿಸಿತು.

ಈ ಹಕ್ಕಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದರಲ್ಲಿ ಪತ್ತೆಯಾದ ಪರಾವಲಂಬಿ ವಂಶಾವಳಿಗಳಿಗೆ ಜಿಆರ್‌ಡಬ್ಲ್ಯೂ ಎಂಬ ಸಂಕೇತ ಬಂದಿದೆ. ಅವುಗಳಲ್ಲಿ ಜಿಆರ್‌ಡಬ್ಲ್ಯೂ4 ಎಂಬುದು ಪ್ಲಾಸ್ಮೋಡಿಯಂ ರೆಲಿಕ್ಟಮ್‌ನ ಒಂದು ವಂಶ. ಅದೇ ವಂಶ ಭೂಗೋಳದ ಮತ್ತೊಂದು ಮೂಲೆಯ ದ್ವೀಪಗಳಲ್ಲಿ ಮಾಡಿದ ಹಾನಿಗೆ ಸಾಟಿಯಿಲ್ಲ.

ಹವಾಯಿ ದ್ವೀಪಗಳು

ಪೆಸಿಫಿಕ್ ಸಾಗರದ ನಡುವಣ ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳೊಂದಿಗೆ ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್ ಮಾವಿ ದ್ವೀಪವನ್ನು ಸೇರಿತೆಂದು ದಾಖಲೆಗಳು ಹೇಳುತ್ತವೆ. ಮುಂದೆ ಹೊರನಾಡಿನ ಹಕ್ಕಿಗಳೊಂದಿಗೆ ಪರಾವಲಂಬಿಯೂ ಬಂತು. ಲಕ್ಷಾಂತರ ವರ್ಷ ಈ ರೋಗದ ಪರಿಚಯವೇ ಇಲ್ಲದೆ ವಿಕಾಸಗೊಂಡಿದ್ದ ಹನಿಕ್ರೀಪರ್ ಎಂಬ ಸ್ಥಳೀಯ ಹಕ್ಕಿಗಳು ತಗ್ಗುನೆಲದಿಂದ ಅಳಿದುಹೋಗಿ, ಬೆಟ್ಟದ ಮೇಲಿನ ತಂಪು ಕಾಡುಗಳಲ್ಲಿ ಮಾತ್ರ ಉಳಿದವು. ಪ್ರಯೋಗದಲ್ಲಿ ಒಂದೇ ಸೊಳ್ಳೆಯ ಕಡಿತಕ್ಕೆ ಒಳಗಾದ ಇಈವಿ ಎಂಬ ಕೆಂಪು ಹಕ್ಕಿಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಸತ್ತವು. ಭಾರತದ ಗುಬ್ಬಚ್ಚಿ ಈ ಸೊಳ್ಳೆ ಮತ್ತು ಪರಾವಲಂಬಿಗಳೊಂದಿಗೆ ಹೇಗೋ ಬಾಳುತ್ತಿರುವಾಗ ಹವಾಯಿಯ ಹಕ್ಕಿಗೆ ಅದೇ ಜೋಡಿ ಮೃತ್ಯುವಾದದ್ದು ಈ ಅಪರಿಚಯದಿಂದ.

ಹವಾಯಿಯ ಕಥೆ ಜೌಗುಪ್ರದೇಶಕ್ಕೆ ಸಂಬಂಧಿಸಿದ್ದು ಎರಡು ಬಗೆಯಲ್ಲಿ. ಅಲ್ಲಿನ ನೀರುಹಕ್ಕಿಗಳಾದ ನಾಮದಕೋಳಿ ಮತ್ತು ಬಾತುಗಳು ಹಾಗೂ ಹೆಬ್ಬಾತು ಬಳಗದ ನೇನೆ ಕಾಡಿನ ಹಕ್ಕಿಗಳಷ್ಟು ನಲುಗಲಿಲ್ಲ. ಆದರೆ ಕಾಡಿನ ಹಕ್ಕಿಗಳ ಕೊನೆಯ ಆಸರೆಗಳಲ್ಲೊಂದು ಕೌವಾಯಿ ದ್ವೀಪದ ಅಲಕಾಯಿ ಎಂಬ ಎತ್ತರದ ಜೌಗುನೆಲ. ಸೊಳ್ಳೆಯ ದೇಹದಲ್ಲಿ ಈ ಪರಾವಲಂಬಿಯ ಬೆಳವಣಿಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಂತುಹೋಗುತ್ತದೆ. ಆ ಚಳಿಯೇ ಹಕ್ಕಿಗಳಿಗೆ ಕೋಟೆಯಾಗಿತ್ತು. ಕೌವಾಯಿ ಓಓ ಎಂಬ ಹಕ್ಕಿಯ ದನಿ ಕೊನೆಯದಾಗಿ ಕೇಳಿಬಂದದ್ದು 1987ರಲ್ಲಿ, ಅಲಕಾಯಿಯಲ್ಲಿ. ತಾಪಮಾನ ಏರಿದಂತೆ ಸೊಳ್ಳೆ ಆ ಎತ್ತರವನ್ನೂ ಹತ್ತಿದೆ. ಅಲ್ಲಿ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟವುಗಳಲ್ಲಿ ಕಾಡಿಗೆ ಹೊಕ್ಕ ಹಂದಿಗಳೂ ಸೇರಿವೆ. ಮರಜರೀಗಿಡದ ಕಾಂಡವನ್ನು ಅವು ಬಗೆದು ತಿಂದಾಗ ಉಳಿಯುವ ತೊಟ್ಟಿಯಂಥ ಗುಳಿಯಲ್ಲಿ ಮಳೆನೀರು ನಿಲ್ಲುತ್ತದೆ. 2023ರಲ್ಲಿ ಅಮೆರಿಕ ಸರ್ಕಾರ ಅಳಿದವೆಂದು ಘೋಷಿಸಿ ಸಂರಕ್ಷಣಾ ಪಟ್ಟಿಯಿಂದ ತೆಗೆದುಹಾಕಿದ 21 ಪ್ರಭೇದಗಳಲ್ಲಿ ಎಂಟು ಹವಾಯಿಯ ಕಾಡುಹಕ್ಕಿಗಳಿದ್ದವು.

ಉಳಿದವನ್ನು ಕಾಪಾಡಲು ಅದೇ ವರ್ಷ ಮಾವಿಯಲ್ಲಿ ಹೊಸ ಉಪಾಯವೊಂದು ಆರಂಭವಾಯಿತು. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಬೇರೊಂದು ತಳಿಯನ್ನು ಹೊತ್ತ ಗಂಡು ಸೊಳ್ಳೆಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಕಾಡಿಗೆ ಬಿಡಲಾಗುತ್ತದೆ. ಅವುಗಳೊಂದಿಗೆ ಕೂಡಿದ ಹೆಣ್ಣು ಸೊಳ್ಳೆಯ ಮೊಟ್ಟೆಗಳು ಮರಿಯಾಗುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದೂ ಇಲ್ಲ.

ಪತ್ತೆಹಚ್ಚುವ ವಿಧಾನ

ತೆಳುಬಲೆಯಲ್ಲಿ ಹಿಡಿದ ಹಕ್ಕಿಯ ರೆಕ್ಕೆಯ ರಕ್ತನಾಳದಿಂದ ಒಂದೆರಡು ಹನಿ ರಕ್ತವನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ ಹಾಗೂ ಇಂದಿಗೂ ಅನಿವಾರ್ಯವಾದ ವಿಧಾನ. ಹಕ್ಕಿಯನ್ನು ಬಳಿಕ ಬಿಟ್ಟುಬಿಡಲಾಗುತ್ತದೆ. 1990ರ ದಶಕದ ಅನಂತರ ಡಿಎನ್‌ಎ ಪರೀಕ್ಷೆಗಳು ಬಂದು, ನೋಟಕ್ಕೆ ಒಂದೇ ಎನಿಸುವ ಪರಾವಲಂಬಿಗಳಲ್ಲೂ ಅನೇಕ ವಂಶಗಳಿವೆ ಎಂಬುದು ತಿಳಿಯಿತು. 2009ರಿಂದ ಮಲಾವಿ ಎಂಬ ದತ್ತಸಂಗ್ರಹದಲ್ಲಿ ಇಂಥ ಸಾವಿರಾರು ವಂಶಗಳನ್ನು ದಾಖಲಿಸಲಾಗಿದೆ. ಎರಡು ವಿಧಾನಗಳೂ ಒಂದಕ್ಕೊಂದು ಪೂರಕ. ಡಿಎನ್‌ಎ ಪರೀಕ್ಷೆ ಅತ್ಯಲ್ಪ ಸೋಂಕನ್ನೂ ಹಿಡಿಯುತ್ತದೆ. ಆದರೆ ಪರಾವಲಂಬಿ ಆ ಹಕ್ಕಿಯಲ್ಲಿ ಪೂರ್ಣ ಬೆಳೆದು ಮುಂದಕ್ಕೆ ಹರಡಬಲ್ಲುದೇ ಎಂಬುದನ್ನು ಹೇಳಲು ಗಾಜಿನ ಪಟ್ಟಿಯಲ್ಲಿ ಲಿಂಗಕೋಶವನ್ನು ಕಾಣಬೇಕು.

ಭಾರತ ಮತ್ತು ಕರ್ನಾಟಕ

ರಾಸ್‌ನ ಅನಂತರ ಭಾರತದ ಹಕ್ಕಿಗಳ ರಕ್ತಪರಾವಲಂಬಿಗಳನ್ನು ವರ್ಣಿಸಿದವರಲ್ಲಿ ಗೋವೆಯ ವೈದ್ಯವಿಜ್ಞಾನಿ ಫ್ರೊಯ್ಲಾನೊ ಡಿ ಮೆಲ್ಲೊ ಪ್ರಮುಖರು. ಚಮಚಕೊಕ್ಕಿನ ಕುಲದ ಹೆಸರನ್ನು ಹೊತ್ತ ಹೀಮೊಪ್ರೋಟಿಯಸ್ ಪ್ಲಟಾಲಿಯೇ ಎಂಬ ಪ್ರಭೇದಕ್ಕೆ 1935ರಲ್ಲಿ ಹೆಸರಿಟ್ಟವರು ಅವರೇ. 1960ರ ದಶಕದಲ್ಲಿ ಎಲಿಯಟ್ ಮೆಕ್ಲೂರ್ ಮುಂದಾಳುತನದಲ್ಲಿ ಏಷ್ಯಾದ ವಲಸೆಹಕ್ಕಿಗಳ ವಿಸ್ತಾರವಾದ ಉಂಗುರ ಕಾರ್ಯಕ್ರಮ ನಡೆದು, ರಕ್ತಲೇಪನಗಳೂ ಸಂಗ್ರಹವಾದವು. ಅವುಗಳ ವಿವರ 1978ರಲ್ಲಿ ಪ್ರಕಟವಾಯಿತು. ಈಚಿನ ದಶಕಗಳಲ್ಲಿ ಫರಾ ಇಷ್ತಿಯಾಕ್ ಅವರು ಮೈನಾಗಳಿಂದ ಹಿಡಿದು ಹಿಮಾಲಯದ ಹಕ್ಕಿಗಳವರೆಗೆ ಡಿಎನ್‌ಎ ಆಧಾರದ ಅಧ್ಯಯನಗಳನ್ನು ನಡೆಸಿದ್ದಾರೆ.

ಕರ್ನಾಟಕದಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ನಾಲ್ಕು ತಾಣಗಳು ಮೇಲೆ ಹೇಳಿದ ನೀರಿನ ಭೇದಗಳಿಗೆ ಒಳ್ಳೆಯ ಉದಾಹರಣೆಗಳು. 2022ರಲ್ಲಿ ಸೇರಿದ ರಂಗನತಿಟ್ಟು ಕಾವೇರಿಯ ಬಂಡೆಗಳ ನಡುವೆ ಹರಿಯುವ ನೀರಿನ ನೆಲೆ. 2024ರಲ್ಲಿ ಸೇರಿದ ಮಾಗಡಿ ಕೆರೆ ಮತ್ತು ಅಂಕಸಮುದ್ರ ಒಳನಾಡಿನ ನಿಂತ ನೀರಿನವು. ಅದೇ ವರ್ಷ ಸೇರಿದ ಅಘನಾಶಿನಿ ಉಪ್ಪುನೀರು ಏರಿಳಿಯುವ ಅಳಿವೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಸರೋವರಗಳಿಂದ ಹಿಮಾಲಯವನ್ನು ದಾಟಿ ಬಂದವು. ಅಘನಾಶಿನಿಯ ಕೆಸರಿನಲ್ಲಿ ಮೇಯುವ ಉಲ್ಲಂಕಿಗಳು ಇನ್ನೂ ಉತ್ತರದವು. ಬಂದುಹೋಗುವ ಹಕ್ಕಿ ಪರಾವಲಂಬಿಯನ್ನು ಹೊತ್ತು ತಂದರೂ, ಸರಿಯಾದ ಕೀಟ ಸ್ಥಳದಲ್ಲಿ ಇಲ್ಲದಿದ್ದರೆ ಅದು ಆ ಹಕ್ಕಿಯ ಮೈಯಲ್ಲೇ ಉಳಿಯುತ್ತದೆ. ಆದುದರಿಂದ ವಲಸೆಹಕ್ಕಿಗಳನ್ನೇ ರೋಗದ ಮೂಲವೆಂದು ದೂರುವುದು ನ್ಯಾಯವಲ್ಲ. ಊರಿನ ಚರಂಡಿಯನ್ನು ಕೆರೆಗೆ ತಿರುಗಿಸಿದವರು ಕ್ಯೂಲೆಕ್ಸ್ ಸೊಳ್ಳೆಗೆ ಮಾಡಿಕೊಟ್ಟ ಅನುಕೂಲವನ್ನು ಯಾವ ಹೆಬ್ಬಾತೂ ಮಾಡಲಾರದು.

ಸೊಳ್ಳೆಯ ನೆಪದಲ್ಲಿ ಜೌಗುನೆಲವನ್ನು ಒಣಗಿಸುವುದೂ ಕೆರೆಗೆ ಕೀಟನಾಶಕ ಸುರಿಯುವುದೂ ಹಕ್ಕಿಗಳಿಗೆ ಪರಾವಲಂಬಿಗಿಂತ ದೊಡ್ಡ ಹಾನಿ. ಸೊಳ್ಳೆಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳು, ಸ್ಥಳೀಯ ಮೀನುಗಳು, ನೀರುಜೀರುಂಡೆಗಳು ಇವೆಲ್ಲ ಆರೋಗ್ಯವಂತ ಕೆರೆಯಲ್ಲಿ ತಾವಾಗಿಯೇ ಇರುತ್ತವೆ. ಸೊಳ್ಳೆನಿಯಂತ್ರಣಕ್ಕೆಂದು ಹೊರದೇಶದಿಂದ ತಂದ ಗ್ಯಾಂಬೂಸಿಯಾ ಮೀನು ಸ್ಥಳೀಯ ಮೀನು ಮತ್ತು ಕಪ್ಪೆಗಳ ಮರಿಗಳನ್ನೂ ತಿನ್ನುವುದರಿಂದ ಹಕ್ಕಿಧಾಮಗಳಲ್ಲಿ ಅದನ್ನು ಬಿಡುವುದು ಉಚಿತವಲ್ಲ. ಕೊಳಚೆ ನೀರನ್ನು ಶುದ್ಧೀಕರಿಸದೆ ಒಳಬಿಡದಿರುವುದು ಮತ್ತು ಅಂತರಗಂಗೆಯಂಥ ಕಳೆಯನ್ನು ಅಂಚಿನಿಂದ ತೆಗೆಯುವುದು ಸುರಕ್ಷಿತವಾದ ಕ್ರಮಗಳು. ಜೊಂಡನ್ನು ಮಾತ್ರ ಕಳೆಯೆಂದು ಬಗೆದು ಪೂರ್ತಿ ಕಿತ್ತುಹಾಕಬಾರದು. ಅನೇಕ ಹಕ್ಕಿಗಳ ಗೂಡು ಅದರಲ್ಲಿದೆ.

ಕೆರೆಯಲ್ಲಿ ಹಕ್ಕಿಗಳು ಸತ್ತಾಗಲೆಲ್ಲ ರಕ್ತಪರಾವಲಂಬಿಯೇ ಕಾರಣವೆಂದು ತಿಳಿಯಬಾರದು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಬಾಟುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದಿಂದ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದು ಕರುಳಿನ ಜಂತುಹುಳುಗಳು. ಹಕ್ಕಿಜ್ವರ ವೈರಸ್‌ನಿಂದ ಬರುವಂಥದು. ಅದು ಮನುಷ್ಯರಿಗೂ ತಗಲಬಹುದಾದ ಕಾರಣ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೆ ಇಲ್ಲವೆ ಪಶುವೈದ್ಯರಿಗೆ ತಿಳಿಸಬೇಕು. ರಕ್ತಪರಾವಲಂಬಿಯ ಶಂಕೆಯಿದ್ದಲ್ಲಿ ತಡಮಾಡುವಂತಿಲ್ಲ. ಸತ್ತ ಕೆಲವು ಗಂಟೆಗಳಲ್ಲೇ, ಬಿಸಿಲಿನಲ್ಲಿ ಇನ್ನೂ ಬೇಗ, ರಕ್ತಕಣಗಳು ಕರಗತೊಡಗುತ್ತವೆ. ಆಮೇಲೆ ತೆಗೆದ ರಕ್ತಲೇಪನದಲ್ಲಿ ಪರಾವಲಂಬಿಯನ್ನು ಗುರುತಿಸಲು ಸಾಧ್ಯವಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಯಕೃತ್ತು, ಗುಲ್ಮ ಮತ್ತು ಶ್ವಾಸಕೋಶದ ತುಣುಕುಗಳನ್ನು ಫಾರ್ಮಲಿನ್‌ನಲ್ಲಿಯೂ ಪ್ರತ್ಯೇಕವಾಗಿ ಆಲ್ಕೋಹಾಲಿನಲ್ಲಿಯೂ ಇರಿಸುತ್ತಾರೆ. ಮೊದಲನೆಯದು ಅಂಗಾಂಶದ ಪರೀಕ್ಷೆಗೆ, ಎರಡನೆಯದು ಡಿಎನ್‌ಎ ಪರೀಕ್ಷೆಗೆ ಒದಗುತ್ತದೆ.